ವೇದಿಕೆಯ ಆಯ್ಕೆ: ಪ್ರವೇಶದ ಬೆಲೆಗಿಂತ ನಿರ್ಗಮನದ ಬೆಲೆ ಮುಖ್ಯ

ಅಂತರಜಾಲದ ಮೂಲಕ ವ್ಯವಹಾರ ನಡೆಸುವ ಉದ್ದಿಮೆಗೆ ಕೇವಲ ಮಾಹಿತಿ ತೋರಿಸುವ ಜಾಲಪುಟ ಸಾಲದು. ದಾಸ್ತಾನು ಪರಿಶೀಲನೆ, ಬೇಡಿಕೆ ಸಲ್ಲಿಕೆ, ದರಗಳ ಹೋಲಿಕೆ, ಬಿಲ್ ತಯಾರಿಕೆ ಇವೆಲ್ಲವೂ ಗಣಕಯಂತ್ರದಲ್ಲಿ ಸ್ಥಾಪಿಸಿದ ತಂತ್ರಾಂಶದಷ್ಟೇ ಸಲೀಸಾಗಿ ಬ್ರೌಸರಿನೊಳಗೇ ನಡೆಯಬೇಕೆಂಬ ಅಪೇಕ್ಷೆ ಸಹಜವಾದುದು. ಈ ಅಪೇಕ್ಷೆಯನ್ನು ಪೂರೈಸುವ ತಂತ್ರಾಂಶಗಳಿಗೆ 2002ರಲ್ಲಿ ಮ್ಯಾಕ್ರೋಮೀಡಿಯಾ ಸಂಸ್ಥೆಯು ‘ರಿಚ್ ಇಂಟರ್ನೆಟ್ ಅಪ್ಲಿಕೇಷನ್’ ಎಂಬ ಹೆಸರಿಟ್ಟಿತು. ಮುಂದಿನ ಒಂದು ದಶಕ ಈ ಕ್ಷೇತ್ರಕ್ಕಾಗಿ ದೈತ್ಯ ಸಂಸ್ಥೆಗಳ ನಡುವೆ ನಡೆದ ಪೈಪೋಟಿಯು, ಇಂದು ತಂತ್ರಾಂಶಕ್ಕೆ ಹಣ ಹೂಡುವ ಪ್ರತಿಯೊಬ್ಬ ಉದ್ದಿಮೆದಾರನಿಗೂ ಪಾಠವಾಗಬಲ್ಲದು.

ಕಣದಲ್ಲಿದ್ದವು ಮುಖ್ಯವಾಗಿ ನಾಲ್ಕು ವೇದಿಕೆಗಳು. ಮೊದಲನೆಯದು ಫ್ಲ್ಯಾಶ್ ಮತ್ತು ಅದರ ಮೇಲೆ ಕಟ್ಟಿದ ಫ್ಲೆಕ್ಸ್. 2004ರಲ್ಲಿ ಬಿಡುಗಡೆಯಾದ ಫ್ಲೆಕ್ಸ್, 2005ರಲ್ಲಿ ಮ್ಯಾಕ್ರೋಮೀಡಿಯಾದೊಡನೆ ಅಡೋಬಿ ಸಂಸ್ಥೆಯ ವಶಕ್ಕೆ ಬಂದಿತು. ಎರಡನೆಯದು ಮೈಕ್ರೋಸಾಫ್ಟ್ 2007ರಲ್ಲಿ ಹೊರತಂದ ಸಿಲ್ವರ್‌ಲೈಟ್. ಮೂರನೆಯದು ಸನ್ ಸಂಸ್ಥೆ 2008ರ ಡಿಸೆಂಬರಿನಲ್ಲಿ ಬಿಡುಗಡೆ ಮಾಡಿದ ಜಾವಾಎಫ್‌ಎಕ್ಸ್. ನಾಲ್ಕನೆಯದಕ್ಕೆ ಏಕೈಕ ಒಡೆಯನೇ ಇರಲಿಲ್ಲ. ಬ್ರೌಸರಿನಲ್ಲೇ ಇರುವ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್ ಬಳಸಿ, ಪುಟವನ್ನು ಪೂರ್ತಿ ಮತ್ತೆ ತರಿಸದೆ ಬೇಕಾದ ಮಾಹಿತಿಯನ್ನಷ್ಟೇ ತರಿಸಿಕೊಳ್ಳುವ ಈ ವಿಧಾನವು 2005ರಲ್ಲಿ ‘ಅಜಾಕ್ಸ್’ ಎಂಬ ಹೆಸರು ಪಡೆಯಿತು.

ಅಂದಿನ ಹೋಲಿಕೆಗಳಲ್ಲಿ ಮೊದಲ ಮೂರರ ಪಕ್ಷ ಬಲವಾಗಿಯೇ ಇತ್ತು ಎಂಬುದನ್ನು ಅಲ್ಲಗಳೆಯಲಾಗದು. ಬ್ರೌಸರುಗಳು ಒಂದೇ ಪುಟವನ್ನು ಒಂದೊಂದು ರೀತಿಯಲ್ಲಿ ತೋರಿಸುತ್ತಿದ್ದ ಕಾಲವದು. ಫ್ಲ್ಯಾಶ್‌ನಲ್ಲಿ ರಚಿಸಿದ ತಂತ್ರಾಂಶವಾದರೋ ಎಲ್ಲೆಡೆ ಬಹುಮಟ್ಟಿಗೆ ಒಂದೇ ರೂಪದಲ್ಲಿ ಕಾಣುತ್ತಿತ್ತು. ಅದಕ್ಕೆ ಬೇಕಾದ ಪ್ಲಗಿನ್ ಬಹುತೇಕ ಎಲ್ಲ ಮೇಜಿನ ಗಣಕಗಳಲ್ಲೂ ಇತ್ತು. 2005ರಲ್ಲಿ ಆರಂಭವಾದ ಯೂಟ್ಯೂಬ್ ಕೂಡ ಫ್ಲ್ಯಾಶ್ ಮೂಲಕವೇ ಚಲನಚಿತ್ರಗಳನ್ನು ತೋರಿಸಿತು. ಸಿಲ್ವರ್‌ಲೈಟ್‌ನ 2ನೆಯ ಆವೃತ್ತಿಯು ಡಾಟ್‌ನೆಟ್ ಬಲ್ಲ ಪ್ರೋಗ್ರಾಮರುಗಳಿಗೆ ಹೊಸ ಭಾಷೆ ಕಲಿಯುವ ಶ್ರಮವನ್ನು ತಪ್ಪಿಸಿತು. ಅಂದಿನ ಅಳತೆಗೋಲುಗಳು ಮೂರು: ನೋಟದ ಅಂದ, ತಯಾರಿಕೆಯ ವೇಗ, ಪ್ಲಗಿನ್‌ನ ವ್ಯಾಪ್ತಿ. ಅವುಗಳ ಪ್ರಕಾರ ಅಜಾಕ್ಸ್ ಹಿಂದುಳಿದಂತೆ ಕಂಡುದು ಆಶ್ಚರ್ಯವಲ್ಲ.

ಆದರೆ ಫಲಿತಾಂಶವನ್ನು ನಿರ್ಧರಿಸಿದ್ದು ಈ ಮೂರರಲ್ಲಿ ಯಾವುದೂ ಅಲ್ಲ. 2007ರಲ್ಲಿ ಬಂದ ಐಫೋನ್ ಫ್ಲ್ಯಾಶ್‌ಗೆ ಬಾಗಿಲು ತೆರೆಯಲಿಲ್ಲ. 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಆ ನಿಲುವಿನ ಕಾರಣಗಳನ್ನು ಬಹಿರಂಗ ಪತ್ರದಲ್ಲಿ ವಿವರಿಸಿದರು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಒಲವು ಎಚ್‌ಟಿಎಂಎಲ್ 5ರ ಕಡೆ ತಿರುಗಿದೆಯೆಂದು ಸೂಚಿಸಿತು. ಸಿಲ್ವರ್‌ಲೈಟ್ ಹುಟ್ಟಿ ಆಗ ಕೇವಲ ಮೂರು ವರ್ಷ. 2011ರ ನವೆಂಬರಿನಲ್ಲಿ ಅಡೋಬಿ ಮೊಬೈಲ್ ಬ್ರೌಸರುಗಳಿಗಾಗಿ ಫ್ಲ್ಯಾಶ್ ಅಭಿವೃದ್ಧಿಯನ್ನು ಕೈಬಿಟ್ಟು, ಫ್ಲೆಕ್ಸ್ ಅನ್ನು ಅಪಾಚೆ ಪ್ರತಿಷ್ಠಾನಕ್ಕೆ ಒಪ್ಪಿಸಲು ಮುಂದಾಯಿತು. ಸನ್ ಸಂಸ್ಥೆಯನ್ನು ಕೊಂಡ ಒರಾಕಲ್, ಜಾವಾಎಫ್‌ಎಕ್ಸ್‌ಗೆಂದೇ ರೂಪಿಸಿದ್ದ ವಿಶೇಷ ಭಾಷೆಯನ್ನು 2011ರ ಆವೃತ್ತಿಯಲ್ಲಿ ಕೈಬಿಟ್ಟಿತು. ಕ್ರೋಮ್ ಬ್ರೌಸರ್ 2015ರಲ್ಲಿ ಸಿಲ್ವರ್‌ಲೈಟ್ ಮತ್ತು ಜಾವಾ ಪ್ಲಗಿನ್‌ಗಳನ್ನು ಹೊರಗಿಟ್ಟಿತು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್‌ನ, 2021ರ ಅಕ್ಟೋಬರ್ 12ಕ್ಕೆ ಸಿಲ್ವರ್‌ಲೈಟ್‌ನ ಬೆಂಬಲ ಮುಗಿಯಿತು. ಈ ನಿರ್ಧಾರಗಳಲ್ಲಿ ಒಂದನ್ನೂ ಆ ವೇದಿಕೆಗಳ ಮೇಲೆ ಹಣ ಹೂಡಿದ್ದ ಗ್ರಾಹಕ ಉದ್ದಿಮೆಗಳು ಕೈಗೊಳ್ಳಲಿಲ್ಲ. ಪರಿಣಾಮವನ್ನು ಮಾತ್ರ ಅವೇ ಅನುಭವಿಸಿದವು.

ಇದರ ಹೊರೆ ಎಂತಹುದೆಂಬುದಕ್ಕೆ ದಕ್ಷಿಣ ಆಫ್ರಿಕಾದ ಕಂದಾಯ ಇಲಾಖೆ ಉತ್ತಮ ನಿದರ್ಶನ. ಫ್ಲ್ಯಾಶ್ ಅಂತ್ಯದ ಸೂಚನೆಯನ್ನು ಅಡೋಬಿ 2017ರ ಜುಲೈನಲ್ಲೇ ಪ್ರಕಟಿಸಿತ್ತು. ಆದರೂ ಗಡುವು ಮೀರಿದಾಗ ಇಲಾಖೆಯ ಕೆಲವು ವಿದ್ಯುನ್ಮಾನ ನಮೂನೆಗಳು ಇನ್ನೂ ಫ್ಲ್ಯಾಶ್‌ನಲ್ಲೇ ಉಳಿದಿದ್ದವು. ತೆರಿಗೆದಾರರು ಅವನ್ನು ತೆರೆಯುವಂತಾಗಲು 2021ರ ಜನವರಿಯಲ್ಲಿ ಇಲಾಖೆಯೇ ಒಂದು ಪ್ರತ್ಯೇಕ ಬ್ರೌಸರ್ ವಿತರಿಸಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಒಂದು ಸರ್ಕಾರಿ ಇಲಾಖೆಗೆ ಒದಗಿದ ಈ ಸ್ಥಿತಿ ಸಣ್ಣ ಉದ್ದಿಮೆಯೊಂದಕ್ಕೆ ಒದಗಿದರೆ ಬ್ರೌಸರ್ ತಯಾರಿಸುವ ಶಕ್ತಿ ಅದಕ್ಕೆಲ್ಲಿದೆ? ಭಾರತದಲ್ಲಿಯೂ ವಿದ್ಯುನ್ಮಾನ ಟೆಂಡರ್ ಮತ್ತು ಡಿಜಿಟಲ್ ಸಹಿಗಾಗಿ ಜಾವಾ ಆಪ್ಲೆಟ್‌ಗಳನ್ನು ನೆಚ್ಚಿದ್ದ ತಾಣಗಳ ಸಲುವಾಗಿ ಹಳೆಯ ಬ್ರೌಸರ್ ಇರುವ ಗಣಕವೊಂದನ್ನು ಪ್ರತ್ಯೇಕವಾಗಿ ಕಾಯ್ದಿರಿಸಿದ ಕಚೇರಿಗಳ ಅನುಭವ ವಾಣಿಜ್ಯ ವಲಯಕ್ಕೆ ಅಪರಿಚಿತವಲ್ಲ.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೊಂದು ಅಂಶವೂ ಗಮನಾರ್ಹ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡದ ‘ತುಂಗಾ’ ಅಕ್ಷರಶೈಲಿ ಇತ್ತು. ಅದನ್ನು ಬಳಸಿಕೊಂಡು ಬ್ರೌಸರ್ ಸಾಮಾನ್ಯ ಎಚ್‌ಟಿಎಂಎಲ್ ಪುಟದಲ್ಲಿ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಬಲ್ಲದಾಗಿತ್ತು. ಫ್ಲ್ಯಾಶ್‌ಗೆ ಇಂತಹ ಸಂಕೀರ್ಣ ಲಿಪಿಗಳನ್ನು ನಿಭಾಯಿಸುವ ಹೊಸ ವ್ಯವಸ್ಥೆ ದೊರೆತದ್ದು 2008ರಲ್ಲಿ ಬಂದ 10ನೆಯ ಆವೃತ್ತಿಯಿಂದ. ಖಾಸಗಿ ವೇದಿಕೆಯಲ್ಲಿ ಸಣ್ಣ ಭಾಷೆಯ ಸರದಿ ಒಡೆಯನ ಆದ್ಯತೆಯನ್ನು ಅವಲಂಬಿಸಿರುತ್ತದೆ.

ಮುಕ್ತ ಮಾನಕಗಳ ನಡಿಗೆ ಬಲು ನಿಧಾನ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ಎಚ್‌ಟಿಎಂಎಲ್ 5 ಅಂತಿಮ ಶಿಫಾರಸಿನ ರೂಪ ತಾಳಿದ್ದು 2014ರ ಅಕ್ಟೋಬರಿನಲ್ಲಿ. ಅಲ್ಲಿಯವರೆಗೆ ವ್ಯಾಪಾರ ಕಾಯಲಾರದು. ಹಾಗಾಗಿ ಅಂದು ಫ್ಲೆಕ್ಸ್ ಅಥವಾ ಸಿಲ್ವರ್‌ಲೈಟ್ ಆರಿಸಿದವರೆಲ್ಲರೂ ಎಡವಿದರೆಂದು ಹೇಳುವುದು ನ್ಯಾಯವಲ್ಲ. ಕೊರತೆಯಿದ್ದುದು ಆಯ್ಕೆಯಲ್ಲಿ ಅಲ್ಲ, ಲೆಕ್ಕಾಚಾರದಲ್ಲಿ. ವೇದಿಕೆಯನ್ನು ಪ್ರವೇಶಿಸುವ ವೆಚ್ಚವನ್ನು ಎಲ್ಲರೂ ಎಣಿಸಿದರು. ಅದರಿಂದ ಹೊರಬರುವ ವೆಚ್ಚವನ್ನು ಎಣಿಸಿದವರು ವಿರಳ. ಬೆಲೆ, ತೆರಿಗೆ, ಸಾಲದ ಮಿತಿ ಮುಂತಾದ ವ್ಯವಹಾರ ನಿಯಮಗಳನ್ನು ಸರ್ವರಿನಲ್ಲಿಟ್ಟು ಪರದೆಯನ್ನಷ್ಟೇ ಫ್ಲೆಕ್ಸ್‌ನಲ್ಲಿ ರಚಿಸಿದ್ದವರು ಪರದೆಯನ್ನಷ್ಟೇ ಬದಲಿಸಿದರೆ ಸಾಕಿತ್ತು. ಎಲ್ಲವನ್ನೂ ಪ್ಲಗಿನ್‌ನೊಳಗೆ ತುಂಬಿದವರು ತಂತ್ರಾಂಶವನ್ನೇ ಮತ್ತೆ ಬರೆಯಿಸಬೇಕಾಯಿತು.

ಪ್ಲಗಿನ್‌ಗಳ ಯುಗ ಮುಗಿದರೂ ಈ ಪಾಠ ಹಳತಾಗಿಲ್ಲ. ಗೂಗಲ್‌ನ ಆಂಗ್ಯುಲರ್‌ಜೆಎಸ್ ಮುಕ್ತ ತಂತ್ರಾಂಶವೇ ಆಗಿದ್ದರೂ, 2016ರಲ್ಲಿ ಬಂದ ಅದರ ಉತ್ತರಾಧಿಕಾರಿ ಹಳೆಯದಕ್ಕೆ ಹೊಂದಲಿಲ್ಲ. ಹಳೆಯದರ ಬೆಂಬಲ 2021ರ ಅಂತ್ಯಕ್ಕೆ ನಿಂತಿತು. ಆದರೆ ಅದರಲ್ಲಿ ಬರೆದ ತಂತ್ರಾಂಶಗಳು ಬ್ರೌಸರಿನಲ್ಲಿ ಕೂಡಲೇ ಸ್ಥಗಿತಗೊಳ್ಳಲಿಲ್ಲ ಎಂಬುದು ಮಹತ್ವದ ವ್ಯತ್ಯಾಸ. ಬಳಕೆದಾರನಿಗೆ ಮುಕ್ತ ಮಾನಕವು ಕೊಡುವುದು ಅಮರತ್ವವನ್ನಲ್ಲ, ಕಾಲಾವಕಾಶವನ್ನು. ಸಂಕೇತ ಬರೆಯದೆಯೇ ತಂತ್ರಾಂಶ ಕಟ್ಟಿಕೊಡುವ ಇಂದಿನ ಬಾಡಿಗೆ ವೇದಿಕೆಗಳಲ್ಲಿ ಅನೇಕವು ಆ ಅವಕಾಶವನ್ನು ಮತ್ತೆ ಒಡೆಯನ ಕೈಗೆ ಒಪ್ಪಿಸುತ್ತವೆ.

ಆದುದರಿಂದ ಹೊಸ ತಂತ್ರಾಂಶಕ್ಕೆ ಆದೇಶ ನೀಡುವ ಉದ್ದಿಮೆದಾರರು ಕರಾರಿನಲ್ಲಿ ನಾಲ್ಕು ಅಂಶಗಳನ್ನು ಸೇರಿಸುವುದು ಉಚಿತ. ಮೂಲ ಸಂಕೇತ ತಮ್ಮ ವಶಕ್ಕೆ ಬರಬೇಕು. ದತ್ತಾಂಶವನ್ನು ಮುಕ್ತ ಸ್ವರೂಪದಲ್ಲಿ ಯಾವಾಗ ಬೇಕಾದರೂ ಹೊರತೆಗೆಯುವಂತಿರಬೇಕು. ವ್ಯವಹಾರ ನಿಯಮಗಳು ಪರದೆಯಿಂದ ಪ್ರತ್ಯೇಕವಾಗಿರಬೇಕು. ಬೇರೆ ಬೇರೆ ಸಂಸ್ಥೆಗಳ ಕನಿಷ್ಠ ಎರಡು ಬ್ರೌಸರುಗಳಲ್ಲಿ ತಂತ್ರಾಂಶ ನಡೆಯುವುದನ್ನು ಹಣ ಪಾವತಿಗೆ ಮುನ್ನ ತೋರಿಸಬೇಕು. ಗೋದಾಮು ಬಾಡಿಗೆಗೆ ಹಿಡಿಯುವಾಗ ತೆರವಿನ ಷರತ್ತನ್ನು ಓದದೆ ಸಹಿ ಹಾಕುವ ವ್ಯಾಪಾರಿ ಇಲ್ಲ. ಲೆಕ್ಕಪತ್ರ, ದಾಸ್ತಾನು, ಗ್ರಾಹಕರ ವಿವರಗಳೆಲ್ಲ ನೆಲೆಸುವ ತಂತ್ರಾಂಶ ವೇದಿಕೆಯ ವಿಷಯದಲ್ಲಿಯೂ ಅದೇ ಎಚ್ಚರ ಅವಶ್ಯಕ.