ಸ್ಥಳಪುರಾಣ ಸುಳ್ಳು, ಮೈದಾನ ನಿಜ

ಪಾಂಡವರು ವನವಾಸದಲ್ಲಿ ಇಲ್ಲಿಗೆ ಬಂದಿದ್ರು, ಭೀಮ ಇಲ್ಲೇ ಅಡುಗೆ ಮಾಡಿದ್ದ ಅಂತ ನಮ್ಮಲ್ಲಿ ಊರೂರಿಗೂ ಒಂದು ಸ್ಥಳಪುರಾಣ ಇರುತ್ತಲ್ಲ, ಅಮೆರಿಕಾದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ :-)

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನಲ್ಲಿ 2,000 ಜನವೂ ಇಲ್ಲ. 1839ರಲ್ಲಿ ಆಬ್ನರ್ ಡಬಲ್‌ಡೇ ಅಲ್ಲೇ ಬೇಸ್‌ಬಾಲ್ ಕಂಡುಹಿಡಿದರು ಅಂತ 1907ರಲ್ಲಿ ಮಿಲ್ಸ್ ಸಮಿತಿ ಹೇಳಿತು. ಮುಖ್ಯ ಸಾಕ್ಷಿ, ಆಬ್ನರ್ ಗ್ರೇವ್ಸ್ ಅನ್ನೋ ವೃದ್ಧರು 1905ರಲ್ಲಿ ಬರೆದ ಪತ್ರ. 1839ರಲ್ಲಿ ಅವರಿಗೆ ಐದು ವರ್ಷ! ಡಬಲ್‌ಡೇ ಆ ವರ್ಷ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದ್ತಿದ್ದರು. 1893ರಲ್ಲಿ ಸಾಯೋವರೆಗೂ ಆಟ ತಮ್ಮದು ಅಂತ ಅವರು ಹೇಳಿಕೊಳ್ಳಲಿಲ್ಲ. ಇತಿಹಾಸಕಾರರು ಈ ಕಥೇನ ಯಾವತ್ತೋ ಕೈಬಿಟ್ಟಿದ್ದಾರೆ.

ಹಾಗಾದ್ರೆ ಆ ಊರಿನ ಡಬಲ್‌ಡೇ ಫೀಲ್ಡ್ ಬರೀ ಬೊಗಳೆನಾ? ನಾನು ಒಪ್ಪಲ್ಲ. ಪುರಾಣ ಪಕ್ಕಕ್ಕಿಟ್ಟು ಮೈದಾನದ್ದೇ ಕಥೆ ನೋಡಿ. ಅದು ಫಿನ್ನಿ ಅನ್ನೋರ ಜಮೀನು, ದನ ಮೇಯ್ತಿದ್ದ ಜಾಗ. 1920ರಲ್ಲಿ ಅಲ್ಲಿ ಆಟ ಶುರುವಾಯ್ತು. ಆಮೇಲೆ ಆ ಜಾಗ ಊರಿನದ್ದೇ ಆಯ್ತು, ಈಗಲೂ ಊರಿನದ್ದೇ. 1924ರಲ್ಲಿ ಮರದ ಗ್ಯಾಲರಿ ಬಂತು. 1939ರಲ್ಲಿ ಅದರ ಬದಲು ಉಕ್ಕು-ಕಾಂಕ್ರೀಟಿನದ್ದು ಎದ್ದಿತು. ಕಟ್ಟಿದವರು ಡಬ್ಲ್ಯೂಪಿಎ ಯೋಜನೆಯ ಕೆಲಸಗಾರರು. ಆರ್ಥಿಕ ಕುಸಿತದಲ್ಲಿ ಕೆಲಸ ಕಳಕೊಂಡವರಿಗೆ ಸರ್ಕಾರ ಕೊಟ್ಟ ಕೂಲಿ ಅದು, ಬರಗಾಲದಲ್ಲಿ ನಮ್ಮಲ್ಲಿ ಕೆರೆ ತೋಡಿಸಿದ ಹಾಗೆ. ಈಗ ಅಲ್ಲಿ 10,000ದ ಹತ್ತಿರ ಜನ ಕೂರಬಹುದು. ಊರಿಗೆ ಊರೇ ಬಂದು ಕೂತರೂ ಮುಕ್ಕಾಲು ಭಾಗ ಖಾಲಿ!

ಪುರಾಣ ಇಲ್ಲದಿದ್ರೆ ಅಷ್ಟು ದೊಡ್ಡ ಗ್ಯಾಲರಿ ಆ ಊರಿಗೆ ಬರ್ತಿರಲಿಲ್ಲ ಅನ್ನೋದು ನಿಜ. 1940ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ದೊಡ್ಡ ಲೀಗ್ ತಂಡಗಳು ಅಲ್ಲಿ ಬಂದು ಆಡಿದ್ದೂ ಆ ಹೆಸರಿಗಾಗಿಯೇ. 2008ರಲ್ಲಿ ಕೊನೇ ಪಂದ್ಯ ಅಂತ ನಿಗದಿಯಾಗಿತ್ತು, ಅದೂ ಮಳೆಗೆ ಹೋಯ್ತು. ಆದ್ರೆ ದೊಡ್ಡವರು ಬರೋದು ನಿಲ್ಲಿಸಿದ ಮೇಲೂ ಮೈದಾನದಲ್ಲಿ ಆಟ ನಿಂತಿಲ್ಲ.

ನಮ್ಮ ಸಾಫ್ಟ್‌ವೇರ್ ಭಾಷೇಲಿ ಹೇಳೋದಾದ್ರೆ, ಡಾಕ್ಯುಮೆಂಟ್ ತಪ್ಪು, ಕೋಡ್ ಮಾತ್ರ ಸರಿಯಾಗಿ ಓಡ್ತಿದೆ. ತಿದ್ದಬೇಕಾದ್ದು ಡಾಕ್ಯುಮೆಂಟನ್ನ. ಹೆಸರು ಡಬಲ್‌ಡೇದೇ ಇರಲಿ, ಯಾರೂ ಕಿತ್ತು ಹಾಕೋದು ಬೇಡ. ಆದ್ರೆ ಇಲ್ಲದ 1839ನ್ನ ಹೇಳೋವಷ್ಟೇ ಹೆಮ್ಮೆಯಿಂದ ದನದ ಹುಲ್ಲುಗಾವಲು, ಕೂಲಿಗೆ ಬಂದು ಕಾಂಕ್ರೀಟ್ ಹೊತ್ತವರು, ಇವರ ಕಥೇನೂ ಹೇಳಬೇಕು. ಕಂಡುಹಿಡಿದವರ ಹೆಸರು ತಾನಾಗೇ ಉಳಿಯುತ್ತೆ, ಕಟ್ಟಿದವರದ್ದನ್ನ ಯಾರಾದ್ರೂ ಬರೆದಿಡಬೇಕು.

ನಿಮ್ಮೂರಿನ ಮೈದಾನ ಮೊದಲು ಯಾರ ಹೊಲ ಆಗಿತ್ತು, ಗ್ಯಾಲರಿ ಕಟ್ಟಿದವರು ಯಾರು? ಗೊತ್ತಿರೋ ಹಿರಿಯರು ಇದ್ರೆ ಈಗಲೇ ಕೇಳಿ, ಬ್ಲಾಗಲ್ಲಿ ಹಾಕಿ. ಓದೋಕೆ ನಾನಿದ್ದೀನಿ.