ಶುಶ್ರೂಷೆ ಮಾಡುವವರ ನೋವನ್ನು ಕೇಳುವವರಾರು?



ಕಾಯಕ ಎಂಬ ಮಾತನ್ನು ನಾವು ಬಹಳ ಸುಲಭವಾಗಿ ಆಡುತ್ತೇವೆ. ತನ್ನ ಕೈಯಲ್ಲೇ ಕೂಸೊಂದು ಪ್ರಾಣಬಿಟ್ಟಿತೆಂದು ಆಸ್ಪತ್ರೆಯ ದಾದಿ ಕಣ್ಣೀರಿಟ್ಟರೆ, "ಶಿವನಿಚ್ಛೆ ತಾಯಿ, ಅದು ನಿನ್ನ ಕಾಯಕ, ಹೋಗಿ ಕೆಲಸ ನೋಡು" ಎಂದುಬಿಡುತ್ತಾರೆ ಹಿರಿಯರು. ಕೇಳಲು ಧರ್ಮದಂತಿದ್ದರೂ ಇದು ಧರ್ಮವಲ್ಲವೆಂದು ನಮ್ಮ ಅಭಿಪ್ರಾಯ.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೂ ಒಬ್ಬರು. ರೋಗಿಗಳ ಆರೈಕೆಯೇ ಅವರ ಕಾಯಕ. ಅಂಬಿಗ, ಮಡಿವಾಳ, ವೈದ್ಯ ಎನ್ನದೆ ದುಡಿಯುವವರೆಲ್ಲ ಕೂಡಿ ಕುಳಿತು ಹೇಳುವ, ಕೇಳುವ ಠಾವು ಅನುಭವ ಮಂಟಪ. ಅಲ್ಲಿಯ ಮಾತು ಪಾರಮಾರ್ಥದ್ದು, ನಿಜ. ಆದರೆ ಕಾಯಕದ ಬೆವರನ್ನು ಬಾಗಿಲಾಚೆ ಬಿಟ್ಟು ಒಳಬಂದವರಲ್ಲ ಅವರು. ಕಾಯಕವನ್ನಿಟ್ಟುಕೊಂಡು ಮಂಟಪವನ್ನು ಬಿಟ್ಟರೆ ಶರಣಧರ್ಮ ಅರ್ಧವಾಯಿತು.

ಚಾಂಪಿಯನ್ ರೀಫ್ಸ್‌ನ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 3 ಕಿಲೋಮೀಟರಿಗೂ ಮಿಗಿಲಾದ ಆಳದ ಗಣಿಯಲ್ಲಿ ಒತ್ತಡ ತಾಳದೆ ಬಂಡೆ ಸಿಡಿದರೆ, ಮೇಲೆ ತಂದ ಗಾಯಾಳುಗಳು ಸೇರುತ್ತಿದ್ದುದು ಅಲ್ಲಿಯ ಗಣಿ ಆಸ್ಪತ್ರೆಯನ್ನೇ. ಸತ್ತವರಿಗಾಗಿ ಅತ್ತೆವು. ಕಲ್ಲುಧೂಳು ಎದೆಗೆ ಸೇರಿ ವರ್ಷಗಟ್ಟಲೆ ಕೆಮ್ಮಿ ಸವೆದವರಿಗಾಗಿ ಮರುಗಿದೆವು. ಆ ಮೈಗಳನ್ನು ತೊಳೆದ ಕೈಗಳನ್ನು ನೆನೆದವರಾರು? 2001ರ ಫೆಬ್ರವರಿ 28ರಂದು ಗಣಿ ನಿಂತಿತು, ಆಸ್ಪತ್ರೆಯೂ ಮುಚ್ಚಿತು. 2021ರ ಕೊರೋನಾ ಎರಡನೆಯ ಅಲೆಯಲ್ಲಿ ಸ್ವಯಂಸೇವಕರು ಆ ಹಳೆಯ ಕಟ್ಟಡದ ಧೂಳು ಹೊಡೆದು ರೋಗಿಗಳಿಗಾಗಿ ಸಜ್ಜುಗೊಳಿಸಿದ್ದು ದೊಡ್ಡ ದಾಸೋಹ. ಹಿಂದಿನ ವರ್ಷ ದೇಶವೇ ವೈದ್ಯರಿಗೆ, ದಾದಿಯರಿಗೆ ಚಪ್ಪಾಳೆ ತಟ್ಟಿತ್ತು. ಆಮೇಲೆ ಅವರಿಗೆ ನಿದ್ದೆ ಬರುತ್ತಿದೆಯೇ ಎಂದು ಕೇಳಿದವರು ಕಡಿಮೆ.

ಕಂಡ ಸಾವು ಮತ್ತೆ ಮತ್ತೆ ಕಣ್ಣಿಗೆ ಕಟ್ಟುವುದು, ಅನ್ನ ಸೇರದಿರುವುದು, ಕೈ ನಡುಗುವುದು ಹೇಡಿತನವಲ್ಲ. ಅಂಥ ದಿನ ಆಸ್ಪತ್ರೆಯ ಮೇಲಿನವರು ಸಿಬ್ಬಂದಿಯನ್ನು ಒಂದೆಡೆ ಕೂಡಿಸಿ ಚಹಾ ಕೊಟ್ಟು, "ಹೇಗಿದ್ದೀರಿ?" ಎಂದು ಕೇಳಲಿ. ತಪ್ಪು ಯಾರದೆಂಬ ವಿಚಾರಣೆ ಬೇರೆ ದಿನವಾಗಲಿ. ನೆಲ ಒರೆಸುವ ಆಯಾ, ಶವ ಸಾಗಿಸುವ ವಾರ್ಡ್‌ಬಾಯ್ ಕೂಡ ಆ ಪಂಕ್ತಿಯಲ್ಲಿರಲಿ. ಅವರನ್ನು ಮರೆಯುವುದೇ ಹೆಚ್ಚು. ಆದರೆ ನಡೆದದ್ದನ್ನೆಲ್ಲ ಬಲವಂತದಿಂದ ಹೇಳಿಸಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ವಾರಗಳು ಕಳೆದರೂ ಮನಸ್ಸು ತಿಳಿಯಾಗದಿದ್ದರೆ ಮನೋವೈದ್ಯರಿದ್ದಾರೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್‌ಗೆ 14416ರಲ್ಲಿ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು ಕಹಿಯಾದರೂ ಹೇಳಲೇಬೇಕು. ಮನೆಯವರು ಸತ್ತ ಸಂಕಟದಲ್ಲಿ ಆಸ್ಪತ್ರೆಯವರ ಮೇಲೆ ಕೈಯೆತ್ತುವವರಲ್ಲಿ ಹಣೆಗೆ ವಿಭೂತಿ ಧರಿಸಿದವರೂ ಇದ್ದಾರೆ. ಇದನ್ನು ತಡೆಯಲು ನಮ್ಮ ರಾಜ್ಯದಲ್ಲಿ 2009ರಲ್ಲಿ ಕಾಯಿದೆಯನ್ನೇ ತರಬೇಕಾಯಿತು. ಇಷ್ಟಲಿಂಗ ಹಿಡಿಯುವ ಕೈ ಅದು ಎಂಬುದಾದರೂ ನೆನಪಿರಬೇಡವೆ?

ಬಂಗಾರಪೇಟೆಯ ಮೇಲೆ ಹಾದು ಬೆಂಗಳೂರಿಗೆ ರೈಲಿನಲ್ಲಿ ದುಡಿಯಲು ಹೋಗಿಬರುವ ಸೀಮೆ ಇದು. ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ ಮನೆಗೆ ಬರುವ ಸೊಸೆಯಂದಿರ ಅತ್ತೆಮ್ಮಂದಿರಲ್ಲಿ ನಮ್ಮದೊಂದು ವಿನಂತಿ. ಆ ಹೊತ್ತು ಒಲೆಯ ಕೆಲಸ ಬೇರೆಯವರು ನೋಡಿಕೊಳ್ಳಲಿ. ಬಿಸಿನೀರು ಕಾಯಿಸಿಡಿ. ಆಕೆ ಮಾತಾಡಿದರೆ ಕೇಳಿ. ಆಡದಿದ್ದರೆ ಸುಮ್ಮನೆ ಮಲಗಲು ಬಿಡಿ.