ಹಾಲು ಕರೆಯುವ ಕೈಗೆ ಪಾಸ್ ಪುಸ್ತಕವೂ ಸಿಗಲಿ



ನಿಮ್ಮ ಮನೆಯ ಹಾಲಿನ ಪಾಸ್ ಪುಸ್ತಕವನ್ನು ಒಮ್ಮೆ ತೆಗೆದು ನೋಡಿ. ಅದರ ಮೇಲೆ ಯಾರ ಹೆಸರಿದೆ? ಈಗ ಇನ್ನೊಂದು ಪ್ರಶ್ನೆ. ಇಂದು ಬೆಳಗಿನ ಜಾವ ಎದ್ದು ಸಗಣಿ ಎತ್ತಿದವರು, ಕೊಟ್ಟಿಗೆ ತೊಳೆದವರು, ಮೇವು ಹಾಕಿ ಹಾಲು ಕರೆದವರು ಯಾರು? ಎರಡಕ್ಕೂ ಒಂದೇ ಹೆಸರು ಉತ್ತರವಾದರೆ ಸಂತೋಷ. ಬಹಳ ಮನೆಗಳಲ್ಲಿ ಹಾಗಿಲ್ಲ. ದುಡಿಮೆ ಮನೆಯಾಕೆಯದು, ಪುಸ್ತಕ ಯಜಮಾನರದು.

ಹೈನುಗಾರಿಕೆಗೆ ಹೆಂಗಸರೇ ಬೆನ್ನೆಲುಬು ಎಂದು ನಾವು ಪ್ರತಿ ಸಭೆಯಲ್ಲೂ ಹೇಳುತ್ತೇವೆ. ಮಾರ್ಚ್ 8ರಂದು ಶಾಲು ಹೊದಿಸಿ, ಹಾರ ಹಾಕಿ ಕಳಿಸುತ್ತೇವೆ. ಅದು ತಪ್ಪಲ್ಲ, ಆದರೆ ಸಾಲದು. ಹಸುವಿಗೆ ವರ್ಷಕ್ಕೊಮ್ಮೆ ಹಬ್ಬದ ದಿನ ಪೂಜೆ ಮಾಡಿ ಉಳಿದ ದಿನ ಮೇವು ಹಾಕದಿದ್ದರೆ ಅದು ಹಾಲು ಕೊಟ್ಟೀತೆ? ಸಮಾನತೆಯೂ ಹಾಗೇ. ಎರಡು ಹೊತ್ತಿನ ಹಾಲಿನಂತೆ ದಿನವೂ ನಡೆಯುವ ರೂಢಿಯಾಗಬೇಕು. ಅಂಥ ಕೆಲವು ರೂಢಿಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದು ಹೆಸರಿನ ವಿಷಯ. "ಹೆಸರು ಯಾರದಾದರೇನು, ದುಡ್ಡು ಮನೆಗೇ ತಾನೇ ಬರೋದು?" ಎಂದು ಕೆಲವರು ಕೇಳುತ್ತಾರೆ. ಸಹಕಾರ ಸಂಘದಲ್ಲಿ ಹೆಸರೇ ಹಕ್ಕು. ಷೇರು ಯಾರ ಹೆಸರಿನಲ್ಲಿದೆಯೋ, ಯಾರ ಹೆಸರಿಗೆ ಹಾಲು ಜಮಾ ಆಗುತ್ತದೆಯೋ ಅವರೇ ಸದಸ್ಯರು. ಮತ ಹಾಕುವವರು, ಚುನಾವಣೆಗೆ ನಿಲ್ಲುವವರು, ಬೋನಸ್ ಪಡೆಯುವವರು ಅವರೇ. ಸರ್ಕಾರ ಲೀಟರಿಗೆ ಇಂತಿಷ್ಟು ಎಂದು ಕೊಡುವ ಪ್ರೋತ್ಸಾಹಧನ ಬೀಳುವುದೂ ಅವರ ಖಾತೆಗೇ. ಇಪ್ಪತ್ತು ವರ್ಷ ಹಾಲು ಕರೆದ ಹೆಂಗಸು, ಯಜಮಾನರು ತೀರಿಕೊಂಡ ಮರುದಿನ ಸಂಘದ ಲೆಕ್ಕದಲ್ಲಿ ಯಾರೂ ಅಲ್ಲ ಎಂಬಂತಾಗುತ್ತದೆ. ಅಂಥ ದಿನ ಬರುವ ಮೊದಲೇ ಆಕೆಯನ್ನು ಸದಸ್ಯೆಯಾಗಿ ಮಾಡಿಸಿ. ಇದಕ್ಕೆ ಬೈಲಾದಲ್ಲಿ ಏನಿದೆ ಎಂದು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಕೇಳಿ. ತಕ್ಷಣ ಆಗದಿದ್ದರೆ ನಾಮನಿರ್ದೇಶನದ ಅರ್ಜಿಯಲ್ಲಾದರೂ ಆಕೆಯ ಹೆಸರು ಬರೆಸಿ.

ಖಾತೆ ಇಲ್ಲ ಎಂಬ ನೆಪ ಈಗ ಉಳಿದಿಲ್ಲ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದಾಗ ತಿಂಗಳ 2000 ರೂಪಾಯಿಗಾಗಿ ಮನೆಯೊಡತಿಯ ಖಾತೆಯನ್ನು ಆಧಾರ್‌ಗೆ ಜೋಡಿಸಲು ನಾವೇ ಸಾಲಿನಲ್ಲಿ ನಿಂತೆವು. ಸರ್ಕಾರದ ಹಣಕ್ಕೆ ಆಗುವ ಆ ಖಾತೆ, ಆಕೆಯೇ ದುಡಿದ ಹಾಲಿನ ಬಟವಾಡೆಗೆ ಆಗುವುದಿಲ್ಲವೇ?

ಎರಡನೆಯದು ಡೇರಿಯಲ್ಲಿ ಹಾಲು ಅಳೆಯುವ ಹೊತ್ತಿನ ಮಾತು. ಹಾಲು ತಂದವರು ಹೆಂಗಸಾದರೆ ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಎಷ್ಟು ಎಂದು ಆಕೆಗೇ ಹೇಳಿ, ಚೀಟಿಯನ್ನು ಆಕೆಯ ಕೈಗೇ ಕೊಡಿ. "ನಿಮ್ಮ ಯಜಮಾನ್ರನ್ನ ಕಳಿಸಮ್ಮ, ಅವರಿಗೆ ಹೇಳ್ತೀನಿ" ಎಂಬ ಮಾತು ನಿಲ್ಲಲಿ. ಹಿಂಡಿ ಎಷ್ಟು ಹಾಕಬೇಕು, ಖನಿಜ ಮಿಶ್ರಣ ಹಾಕಿದ್ದೇವೋ ಇಲ್ಲವೋ ಎಂಬುದು ಗೊತ್ತಿರುವುದು ಆಕೆಗೆ. ಫ್ಯಾಟ್ ಇಳಿದಿದೆ ಎಂದು ತಿಳಿದರೆ ಸರಿಪಡಿಸುವವಳೂ ಆಕೆಯೇ.

ಮೂರನೆಯದು ತರಬೇತಿ. ಕೆಚ್ಚಲು ಬಾವು ಶುರುವಾದದ್ದು ಮೊದಲು ತಿಳಿಯುವುದು ಕರೆಯುವವರ ಬೆರಳಿಗೆ. ಮೊದಲ ನಾಲ್ಕು ಧಾರೆಯನ್ನು ಕಪ್ಪು ತಟ್ಟೆಗೆ ಕರೆದು ಗರಣೆ ಇದೆಯೇ ಎಂದು ನೋಡುವುದು, ಕರೆದ ಮೇಲೆ ಮೊಲೆತೊಟ್ಟನ್ನು ಔಷಧಿಯಲ್ಲಿ ಅದ್ದುವುದು, ಆಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಡೇರಿಗೆ ಹಾಕದಿರುವುದು, ಇವೆಲ್ಲ ಕರೆಯುವವರು ಕಲಿಯಬೇಕಾದ ಪಾಠ. ತರಬೇತಿಯ ಬಸ್ಸು ಹತ್ತುವವರು ಮಾತ್ರ ಬಹುಪಾಲು ಗಂಡಸರು. ಅವರು ಊಟ ಮಾಡಿ ಬರುತ್ತಾರೆ, ಪಾಠ ಕೊಟ್ಟಿಗೆ ತಲುಪುವುದಿಲ್ಲ. ಹೆಂಗಸರು ಬರುವುದಿಲ್ಲ ಎಂದು ದೂರುವ ಮೊದಲು ತರಬೇತಿಯ ಹೊತ್ತು ನೋಡಿ. ಬೆಳಗಿನ ಹಾಲು ಮುಗಿದು ಸಂಜೆಯ ಹಾಲು ಶುರುವಾಗುವ ನಡುವೆ, ಹನ್ನೊಂದರಿಂದ ಎರಡು ಗಂಟೆಯೊಳಗೆ, ಊರಿನಲ್ಲೇ ಇಟ್ಟರೆ ಖಂಡಿತ ಬರುತ್ತಾರೆ.

ನಾಲ್ಕನೆಯದು ಆಡಳಿತ ಮಂಡಳಿ. ನಮ್ಮ ರಾಜ್ಯದ ಸಹಕಾರ ಕಾಯ್ದೆ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಮೀಸಲಿಟ್ಟಿದೆ. ಗೆದ್ದವರು ಹೆಂಡತಿ, ಸಭೆಗೆ ಬರುವವರು ಗಂಡ, ನಡಾವಳಿ ಪುಸ್ತಕ ಮಾತ್ರ ಸಹಿಗಾಗಿ ಮನೆಗೆ ಹೋಗುತ್ತದೆ. ಇದನ್ನು ತಡೆಯಲು ಹೊಸ ಕಾನೂನು ಬೇಡ. "ಸದಸ್ಯರು ಬರಲಿ, ಆಮೇಲೆ ಸಭೆ ಶುರು ಮಾಡೋಣ" ಎಂದು ಅಧ್ಯಕ್ಷರು ಒಂದು ಮಾತು ಹೇಳಿದರೆ ಸಾಕು. ಬಂದವರನ್ನು ಮೂಲೆಯಲ್ಲಿ ಕೂರಿಸಬೇಡಿ. ಪ್ರತಿ ವಿಷಯಕ್ಕೂ ಅವರ ಅಭಿಪ್ರಾಯ ಕೇಳಿ, ಅದನ್ನು ನಡಾವಳಿಯಲ್ಲಿ ಬರೆಯಿರಿ.

ಲೆಕ್ಕಪತ್ರ ಹೆಂಗಸರಿಂದ ಆಗುವುದಿಲ್ಲ ಎನ್ನುವವರು ಹತ್ತಿರದ ಯಾವುದಾದರೂ ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಗಿಬನ್ನಿ. 1986-87ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ಕರ್ನಾಟಕದಲ್ಲಿ ಇಂಥ ಅನೇಕ ಸಂಘಗಳು ಹುಟ್ಟಿದವು. ಅಲ್ಲಿ ಸದಸ್ಯರೂ ಹೆಂಗಸರು, ಸಂಘ ನಡೆಸುವವರೂ ಹೆಂಗಸರು. ಆಗದು ಎಂಬ ಮಾತಿಗೆ ಇದಕ್ಕಿಂತ ಬೇರೆ ಉತ್ತರ ಬೇಕಿಲ್ಲ.

ಐದನೆಯದು ಮನೆಯೊಳಗಿನ ಹಂಚಿಕೆ. ಹಾಲು ಕರೆಯುವ ಯಂತ್ರ ಬಂದ ಮನೆಗಳಲ್ಲಿ ಸ್ವಿಚ್ ಹಾಕಲು ಗಂಡಸು, ಯಂತ್ರ ತೊಳೆಯಲು ಹೆಂಗಸು ಎಂಬ ಹೊಸ ಪದ್ಧತಿ ಬೇಡ. ಸಗಣಿ ಎತ್ತುವುದು ಮಗನಿಗೂ ಬರಲಿ, ಬಟವಾಡೆ ಲೆಕ್ಕ ನೋಡುವುದು ಮಗಳಿಗೂ ಬರಲಿ. ಹಸು ಕೊಳ್ಳುವಾಗ, ಮಾರುವಾಗ ಮನೆಯಾಕೆಯನ್ನು ಕೇಳದೆ ಮುಂಗಡ ಹಣ ಮುಟ್ಟಬೇಡಿ. ಯಾವ ಹಸು ಸರಿಯಾಗಿ ಬೆದೆಗೆ ಬರುತ್ತದೆ, ಯಾವುದು ಒದೆಯುತ್ತದೆ ಎಂಬುದು ದಲ್ಲಾಳಿಗಿಂತ ಆಕೆಗೆ ಚೆನ್ನಾಗಿ ಗೊತ್ತು. ಕೊಟ್ಟಿಗೆಗೆ ಆಳು ಇಟ್ಟುಕೊಂಡವರು ಒಂದೇ ಕೆಲಸಕ್ಕೆ ಗಂಡಾಳಿಗೊಂದು, ಹೆಣ್ಣಾಳಿಗೊಂದು ಕೂಲಿ ಕೊಡುವುದನ್ನು ನಿಲ್ಲಿಸಿ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿದೆ. ಉದ್ಯೋಗ ಖಾತ್ರಿ ಕೆಲಸದಲ್ಲೂ ಇಬ್ಬರಿಗೂ ಒಂದೇ ದರ ನಿಗದಿಯಾಗಿತ್ತು. ನಮ್ಮ ಕೊಟ್ಟಿಗೆಯಲ್ಲಿ ಯಾಕೆ ಬೇರೆ?

ಇದರಿಂದ ಗಂಡಸರು ಕಳೆದುಕೊಳ್ಳುವುದೇನೂ ಇಲ್ಲ. ಕರೆಯುವವರಿಗೆ ಲೆಕ್ಕ ತಿಳಿದರೆ ಹಾಲಿನ ಗುಣಮಟ್ಟ ಏರುತ್ತದೆ, ಬಟವಾಡೆಯ ಹಣ ಮನೆಗೆ, ಮಕ್ಕಳ ಓದಿಗೆ, ಹಸುವಿನ ಮೇವಿಗೆ ಒದಗುತ್ತದೆ.

ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿದೆ. ನಮ್ಮ ಊರಿನ ಸಂಘ ಮಾಡಬೇಕಾದದ್ದು ಎರಡೇ ಕೆಲಸ. ಸೆಪ್ಟೆಂಬರ್ ವೇಳೆಗೆ ನಡೆಯುವ ವಾರ್ಷಿಕ ಸರ್ವ ಸದಸ್ಯರ ಸಭೆಯನ್ನು ಹಾಲಿನ ಹೊತ್ತು ಬಿಟ್ಟು ಇಡುವುದು ಒಂದು. ಸಂಘಕ್ಕೆ ಹಾಲು ಹಾಕುವ ಮನೆಗಳಲ್ಲಿ ಎಷ್ಟು ಪಾಸ್ ಪುಸ್ತಕ ಹೆಂಗಸರ ಹೆಸರಿನಲ್ಲಿವೆ ಎಂದು ಆ ಸಭೆಯಲ್ಲಿ ಓದಿ ಹೇಳುವುದು ಇನ್ನೊಂದು. ಮುಂದಿನ ವರ್ಷ ಅದೇ ಸಭೆಯಲ್ಲಿ ಆ ಸಂಖ್ಯೆಯನ್ನು ಮತ್ತೆ ಓದಿ. ಏರಿದ್ದರೆ ಆಗ ಚಪ್ಪಾಳೆ ತಟ್ಟೋಣ.